ಎರಡನೇ ಕೊಳವೆಯ ಹೂಳು

ಆ ಹೂಳು ಸಮುದ್ರದ ಮುಖವನ್ನೇ ಕಂಡಿರಲಿಲ್ಲ.

ಬೇರೊಂದು ಪ್ರಯೋಗಾಲಯದಿಂದ ಬಂದ ವರದಿಯಲ್ಲಿ ಇಷ್ಟು ನೇರವಾಗಿ ಬರೆದಿರಲಿಲ್ಲ. ಅಲ್ಲಿದ್ದದ್ದು ಅಂಕಿಗಳು, ಗೆರೆಗಳು, ಕೊನೆಗೊಂದು ಷರಾ. ಆದರೆ ಶುಕ್ರವಾರ ಸಂಜೆ ರಿಚರ್ಡ್ಸ್ ಟೌನಿನ ಮನೆಯ ಹಜಾರದಲ್ಲಿ ಕೂತು ಸೂರ್ಯ ಅದನ್ನು ಓದಿ ಹೇಳಿದಾಗ ಎಲ್ಲರಿಗೂ ಅರ್ಥವಾದದ್ದು ಇಷ್ಟೇ.

ಸೂರ್ಯ ಸಿ.ವಿ. ರಾಮನ್ ನಗರದ ಒಂದು ಸಣ್ಣ ಪ್ರಯೋಗಾಲಯದ ಒಡೆಯ. ಅಲ್ಲಿ ನೀರಿನ ಪರೀಕ್ಷೆ ಅವನದು. ಹೂಳಿನ ಪರೀಕ್ಷೆ ಅವನ ಗೆಳೆಯ ಅಬ್ರಾರ್‌ನದಾಗಿತ್ತು. ಕಳೆದ ಡಿಸೆಂಬರಿನಲ್ಲಿ ಹಳೇ ಮದ್ರಾಸ್ ರಸ್ತೆಯಲ್ಲಿ ಲಾರಿಯೊಂದು ಅಬ್ರಾರ್‌ನ ಬೈಕಿಗೆ ಗುದ್ದಿತು. ಅಂದಿನಿಂದ ಅವನ ಹೆಂಡತಿ ನಾಜಿಶ್‌ಗೆ ಯಾರು ಏನು ಹೇಳಿದರೂ ಗಾಜಿನಾಚೆ ನಿಂತು ಮಾತಾಡಿದಂತೆ ಕೇಳುತ್ತಿತ್ತು. ಕಾಲೇಜಿಗೆ ಹೋಗುತ್ತಿದ್ದಳು, ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದಳು, ಮನೆಗೆ ಬರುತ್ತಿದ್ದಳು. ಅಷ್ಟೇ.

ಇವತ್ತು ಮಾತ್ರ ಪ್ರತಿ ಮಾತೂ ನೇರವಾಗಿ ಬಂದು ತಾಗಿತು.

"ಅಮ್ಮಿ, ನಿಮಗೆ ಬಿಡಿಸಿ ಹೇಳ್ತೀನಿ," ಎಂದ ಸೂರ್ಯ, ಅಬ್ರಾರ್‌ನ ತಾಯಿ ಸಾಬಿರಾ ಕಡೆ ತಿರುಗಿ. "ಕರಾವಳೀಲಿ ಒಂದು ಅಳಿವೆ ಇದೆ. ನದಿ ಹೋಗಿ ಸಮುದ್ರ ಸೇರೋ ಜಾಗ. ತಳದಲ್ಲಿ ಕಪ್ಪು ಹೂಳು ತುಂಬಿ ಕಪ್ಪೆಚಿಪ್ಪೆಲ್ಲ ಸತ್ತೋಗಿದೆ. ಚಿಪ್ಪು ಆರಿಸಿ ಬದುಕೋರು ಅಲ್ಲಿನ ಮೀನೆಣ್ಣೆ ಕಾರ್ಖಾನೆ ಮೇಲೆ ಕೇಸ್ ಹಾಕಿದಾರೆ. ಕಾರ್ಖಾನೆಯವರು, ಆ ಕೊಳೆ ನಮ್ಮದಲ್ಲ, ಊರಿನ ಚರಂಡೀದು, ಉದುರಿದ ಎಲೇದು ಅಂತಾರೆ. ಕೊಳೆ ಯಾರ್ದು ಅಂತ ಹೂಳನ್ನೇ ಕೇಳ್ಬೇಕು. ಅದಕ್ಕೇ ಅಬ್ರಾರ್ ಹೋಗಿ ಮೂರು ಜಾಗದಿಂದ ಮೂರು ಕೊಳವೇಲಿ ಹೂಳು ತಂದಿದ್ದ."

"ತಂದಿದ್ದ. ನಂಗೊತ್ತಿಲ್ವಾ?" ಎಂದರು ಸಾಬಿರಾ. "ಅವನ ಪ್ಯಾಂಟ್ ಒಗೆದಿದ್ದು ನಾನು. ಮೂರು ನೀರು ಹಾಕಿದ್ರೂ ಆ ನಾತ ಹೋಗ್ಲಿಲ್ಲ, ಬೇಟಾ."

"ಒಂದನೇದು, ಮೂರನೇದು ಸರಿ ಇದೆ ಅಮ್ಮಿ. ಕಾರ್ಖಾನೆ ಎದುರಿಂದು ಎರಡನೇದು. ಅದರಲ್ಲಿರೋದು ಅಳಿವೆ ಹೂಳೇ ಅಲ್ಲ. ಕೆರೆ ಕೆಸರು. ಸಿಹಿನೀರಿನ ಪಾಚಿ, ಜೊಂಡು, ಸಗಣಿ, ಯಾವುದೋ ಧಾನ್ಯದ ಹೊಟ್ಟು. ಮೀನಿನ ಕೊಬ್ಬು ಒಂದು ಚೂರೂ ಇಲ್ಲ."

"ಕೊಳವೆ ಅದಲುಬದಲಾಗಿರಬಹುದಲ್ಲ?" ನಾಜಿಶ್ ಕೇಳಿದಳು.

"ಇಲ್ಲ ಭಾಭಿ. ಕೆಸರಿಗೆ ಯಾರೋ ಅಡುಗೆ ಉಪ್ಪು ಕಲಸಿದಾರೆ. ಬೇಕಂತ ಮಾಡಿದ್ದು."

"ಯಾರು?"

ಸೂರ್ಯ ನೆಲ ನೋಡಿದ. "ನಾನು ಹೇಳ್ತಿಲ್ಲ. ಕಾರ್ಖಾನೆ ವಕೀಲರು ಹೇಳ್ತಿದಾರೆ. ಅಬ್ರಾರ್ ಎರಡನೇ ಜಾಗಕ್ಕೆ ಹೋಗ್ಲೇ ಇಲ್ವಂತೆ. ಬೆಂಗಳೂರಿಗೆ ಬಂದು ಯಾವುದೋ ಕೆರೆ ಕೆಸರು ತುಂಬಿಟ್ನಂತೆ. ಕೊಳವೆ ಮೇಲಿರೋ ಚೀಟಿ ಅವನ ಕೈಬರಹದ್ದೇ. ಸೋಮವಾರ ನ್ಯಾಯಮಂಡಳಿ ಮುಂದೆ ಬರುತ್ತೆ. ಅವರು ಒಪ್ಪಿದ್ರೆ ಮೂರೂ ಕೊಳವೆ ಕಸ. ಕೇಸೂ ಮುಗೀತು."

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ವಕಾರ್ ಒಂದೇ ಸಲ ಸಿಡಿದ. ಅಬ್ರಾರ್‌ನ ತಮ್ಮ, ಬಾಡಿಗೆ ಟೆಂಪೋ ಓಡಿಸುತ್ತಿದ್ದ. "ಸತ್ತೋನು ಎದ್ದು ಬಂದು ಮಾತಾಡಲ್ಲ ಅಂತ ಧೈರ್ಯ ಅವರಿಗೆ! ಮೊದಲು ನನ್ನ ಮೇಲೆ ಹಾಕಿದ್ರು. ಲ್ಯಾಬ್ ಶಿಫ್ಟ್ ಮಾಡೋವಾಗ ನನ್ನ ಟೆಂಪೋದಲ್ಲೇ ಕೊಳವೆ ಬಿರುಕು ಬಿಟ್ಟಿದ್ದು ಅಂತ. ಈಗ ಭಾಯ್ ಮೇಲೆ."

"ನಿನ್ನ ಯಾರೂ ಬೈದಿಲ್ಲ ವಕಾರ್. ಆಗುತ್ತೆ ಶಿಫ್ಟಿಂಗ್‌ನಲ್ಲಿ." ಸೂರ್ಯ ಎದ್ದು ಸಾಬಿರಾರ ಕೈ ಹಿಡಿದುಕೊಂಡ. "ನಾನಿದೀನಿ ಅಮ್ಮಿ. ನಾನೂ ನಿಮ್ಮ ಮಗನೇ."

ಅವನು ಹೋದಮೇಲೆ ನಾಜಿಶ್ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತಳು.

ಯಾರಿಗೂ ಹೇಳದ ಮಾತೊಂದು ಅವಳಲ್ಲಿತ್ತು. ಆ ಸಲ ಅಬ್ರಾರ್ ಅಳಿವೆಗೆ ಹೋಗುವಾಗ ಬರುವುದು ಗುರುವಾರ ಎಂದಿದ್ದ. ಬುಧವಾರವೇ ಬಂದುಬಿಟ್ಟಿದ್ದ. "ಕೆಲಸ ಬೇಗ ಮುಗೀತು" ಎಂದು ನಕ್ಕಿದ್ದ. ಆಗ ಅವಳಿಗೆ ಸಂತೋಷವಾಗಿತ್ತು.

ಈಗ?

*

"ಅಳೋದಿದ್ರೆ ಅತ್ತುಬಿಡು. ಕಾಫಿ ಆರೋದ್ರೊಳಗೆ ಮುಗಿಸು," ಎಂದರು ಭಾಗ್ಯಲಕ್ಷ್ಮಿ.

"ಅಳು ಬರ್ತಿಲ್ಲ ಮೇಡಂ."

"ಹಾಗಾದ್ರೆ ಕಾಫಿ ಕುಡಿ."

ಮರುದಿನ ಬೆಳಿಗ್ಗೆ, ಹಲಸೂರಿನ ಒಂದು ಇಕ್ಕಟ್ಟು ಓಣಿಯ ಮಹಡಿ ಮನೆ. ಭಾಗ್ಯಲಕ್ಷ್ಮಿ ಭೂವಿಜ್ಞಾನ ಪ್ರಾಧ್ಯಾಪಕಿಯಾಗಿ ನಿವೃತ್ತರಾದವರು. ಅಬ್ರಾರ್ ಅವರ ವಿದ್ಯಾರ್ಥಿ. ಚಪ್ಪಲಿಗೆ, ಟೈರಿಗೆ ಅಂಟಿದ ಮಣ್ಣು ಎಲ್ಲಿಯದೆಂದು ಕೇಳಿಕೊಂಡು ಪೊಲೀಸರೂ ಒಮ್ಮೊಮ್ಮೆ ಇದೇ ಮೆಟ್ಟಿಲು ಹತ್ತುತ್ತಿದ್ದರು.

ನಾಜಿಶ್ ಎಲ್ಲವನ್ನೂ ಹೇಳಿದಳು. ಕೊನೆಗೆ ಬುಧವಾರದ ಮಾತನ್ನೂ.

ಭಾಗ್ಯಲಕ್ಷ್ಮಿ ಕನ್ನಡಕದ ಮೇಲಿನಿಂದ ನೋಡಿದರು. "ಅನುಮಾನ ಬಂತಾ ನಿಂಗೆ?"

ನಾಜಿಶ್ ಕಾಫಿ ಲೋಟ ಕೆಳಗಿಟ್ಟಳು.

"ಬರ್ಲಿ. ಅದು ತಪ್ಪಲ್ಲ. ನೋಡು, ನನ್ನ ಶಿಷ್ಯ ಅಂತ ನಾನು ಅವನ ಪರ ಮಾತಾಡಲ್ಲ. ಹೂಳು ಏನು ಹೇಳುತ್ತೋ ಅದನ್ನೇ ನಾನೂ ಹೇಳೋದು. ನಿಂಗೆ ಬೇಡದ ಉತ್ತರ ಬಂದ್ರೂ. ಆಗುತ್ತಾ?"

"ಆಗುತ್ತೆ."

ಅವರು ಎದ್ದು ಗೋಡೆಯ ಕ್ಯಾಲೆಂಡರ್ ಎತ್ತಿದರು. ಅದರಡಿ ಕಳೆದ ವರ್ಷದ್ದೂ ಹಾಗೇ ನೇತಾಡುತ್ತಿತ್ತು. ನವೆಂಬರಿನ ಹಾಳೆಯ ಮೇಲೆ ಬೆರಳಿಟ್ಟರು.

"ಯಾವ ವಾರ?"

ನಾಜಿಶ್ ತೋರಿಸಿದಳು.

"ಅವನು ವಾಪಸ್ ಬಂದ ಹಿಂದಿನ ದಿನ ಅಮಾವಾಸ್ಯೆ. ಅವತ್ತು ಸಮುದ್ರದ ಇಳಿತ ಜಾಸ್ತಿ. ನೀರು ಅಷ್ಟು ದೂರ ಸರಿದಾಗ ಮೂರೂ ಜಾಗ ಒಂದೇ ಹಗಲಲ್ಲಿ ಮುಗಿಸಬಹುದು." ಕ್ಯಾಲೆಂಡರ್ ಕೆಳಗಿಟ್ಟರು. "ಇದು ಸಾಕ್ಷಿ ಅಲ್ಲ, ಗೊತ್ತಲ್ಲ? ಸಮಾಧಾನ ಅಷ್ಟೆ. ಬಾ, ಕೊಳವೆ ನೋಡೋಣ."

*

ಪ್ರಯೋಗಾಲಯ ಒಂದು ವಸತಿ ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಮೊದಲು ಇಂದಿರಾನಗರದಲ್ಲಿದ್ದದ್ದು ಮೇ ತಿಂಗಳಲ್ಲಿ ಇಲ್ಲಿಗೆ ಬಂದಿತ್ತು. ಸೂರ್ಯ ಹೊರಗೆ ಹೋಗಿದ್ದ. ಹೂಳಿನ ಕೆಲಸವನ್ನು ಅಬ್ರಾರ್‌ನ ಕೈಕೆಳಗೆ ಕಲಿತ ಲಿಖಿತ್ ಫ್ರೀಜರ್ ತೆರೆದ.

ಮೂರು ಪಾರದರ್ಶಕ ಕೊಳವೆಗಳು, ತೋಳಿನಷ್ಟು ದಪ್ಪ, ನೆಟ್ಟಗೆ ನಿಂತಿದ್ದವು. ಒಂದನೆಯದೂ ಮೂರನೆಯದೂ ಒಂದೇ ಥರ. ಕೆಳಗೆ ಪದರ ಪದರವಾದ ಹೂಳು, ಮೇಲೆ ಅಂಗೈಯಗಲ ಖಾಲಿ ಜಾಗ, ಅಲ್ಲಿ ಹೂವಿನಂಗಡಿಯವರು ಬಳಸುವ ಹಸಿರು ಸ್ಪಂಜಿನ ತುಂಡು, ಆಮೇಲೆ ಮುಚ್ಚಳ.

ಎರಡನೆಯದು ಅಂಚಿನವರೆಗೆ ತುಂಬಿತ್ತು. ಬುಡದಿಂದ ತುದಿಯವರೆಗೆ ಒಂದು ಬಿರುಕು. ಬಿರುಕಿನ ಉದ್ದಕ್ಕೂ ಮಂಜುಗಡ್ಡೆ ತುಟಿಯಂತೆ ಹೊರಗೆ ಉಬ್ಬಿತ್ತು. ಪದರಗಳೇ ಇರಲಿಲ್ಲ, ಇಡೀ ಕೊಳವೆ ಒಂದೇ ಬಣ್ಣ.

ಭಾಗ್ಯಲಕ್ಷ್ಮಿ ತುಂಬ ಹೊತ್ತು ನೋಡಿದರು. 

"ಬೀಗದ ಕೈ ಯಾರ ಹತ್ರ ಇರುತ್ತೆ ಲಿಖಿತ್?"

"ಸರ್ ಹತ್ರ, ನನ್ನ ಹತ್ರ. ಶಿಫ್ಟಿಂಗ್ ಟೈಮಲ್ಲಿ ವಕಾರ್ ಹತ್ರಾನೂ ಇತ್ತು."

"ಈ ಬಿರುಕು ಮೊದಲು ನೋಡಿದ್ದು ಯಾರು?"

"ನಾನೇ ಮೇಡಂ. ಜುಲೈನಲ್ಲಿ ಬೇರೆ ಲ್ಯಾಬ್‌ನವರು ಮಾದರಿ ತಗೊಳ್ಳೋಕೆ ಬಂದಾಗ. ಸರ್ ಹೇಳಿದ್ರು, ಟೆಂಪೋದಲ್ಲಿ ಏಟು ಬಿದ್ದಿರ್ಬೇಕು ಅಂತ."

"ಮೂರೂ ಇದೇ ಫ್ರೀಜರ್‌ನಲ್ಲಿತ್ತಾ?"

"ಇಲ್ಲ. ಶಿಫ್ಟ್ ಆದಾಗ ಇದರಲ್ಲಿ ಎರಡಕ್ಕೇ ಜಾಗ ಇದ್ದಿದ್ದು. ಎರಡನೇದನ್ನ ಸರ್ ಆ ಚಿಕ್ಕದ್ರಲ್ಲಿಟ್ಟಿದ್ರು. ನಾನು ಆಗ ಊರಿಗೆ ಹೋಗಿದ್ದೆ. ವಾಪಸ್ ಬಂದಾಗ ಮೇಲಿನ ಮನೆ ಆಂಟಿ ಜಗಳಕ್ಕೆ ಬಂದಿದ್ರು. ಲ್ಯಾಬ್ ಅಂತ ಹೇಳಿ ಹೆಣ ತಂದಿಟ್ಟಿದೀರಾ, ಏನು ನಾತ ಇದು ಅಂತ. ಸರ್, ಡ್ರೈನ್ ಬ್ಲಾಕ್ ಆಗಿತ್ತು, ಸರಿ ಮಾಡಿಸ್ದೆ ಅಂದ್ರು."

"ನೀನು ಕೆಲಸ ಬಿಡ್ತಿದೀಯಂತೆ?"

ಲಿಖಿತ್‌ನ ಮುಖ ಬಿಗಿಯಿತು. "ಮುಂದಿನ ತಿಂಗಳು."

"ಎಲ್ಲಿಗೆ?"

ಅವನು ಒಂದು ಕಂಪನಿಯ ಹೆಸರು ಹೇಳಿದ. ನಾಜಿಶ್ ಥಟ್ಟನೆ ತಲೆಯೆತ್ತಿದಳು. ಅಳಿವೆಯ ಮೀನೆಣ್ಣೆ ಕಾರ್ಖಾನೆಗೆ ಸಲಹೆ ಕೊಡುವ ಕಂಪನಿ ಅದು.

"ನಂಗೊತ್ತು ನೀವೇನು ಯೋಚಿಸ್ತಿದೀರ ಅಂತ," ಎಂದ ಲಿಖಿತ್.  "ಅಬ್ರಾರ್ ಸರ್ ನಂಗೆ ಕೆಲಸ ಕಲಿಸಿದೋರು. ಅವರಿಗೆ ನಾನು—"

"ನಾನಿನ್ನೂ ಯೋಚಿಸೋಕೆ ಶುರು ಮಾಡಿಲ್ಲಪ್ಪ," ಎಂದರು ಭಾಗ್ಯಲಕ್ಷ್ಮಿ. "ನಾಜಿಶ್, ಆ ಹೊಟ್ಟು ಯಾವ ಧಾನ್ಯದ್ದು ನೋಡು. ಅದು ನಿನ್ನ ಶಾಸ್ತ್ರ."

ಕಡಲೆಕಾಳಿನಷ್ಟು ಹೂಳನ್ನು ಗಾಜಿನ ಮೇಲೆ ಕರಗಿಸಿ ನಾಜಿಶ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಅಬ್ರಾರ್ ಕೂರುತ್ತಿದ್ದ ಕುರ್ಚಿಯಲ್ಲಿ ಅವಳು ಕೂತಿದ್ದಳು. ಅದನ್ನು ನೆನೆಯದಿರಲು ನೋಡುವುದರ ಮೇಲೇ ಮನಸ್ಸಿಟ್ಟಳು. ಪಾಚಿಯ ಎಳೆಗಳು. ಜೊಂಡಿನ ನಾರು. ಮತ್ತೆ ಹೊಂಬಣ್ಣದ ಚೂರುಗಳು. ಅಂಚು ಅಲೆಅಲೆಯಾಗಿ, ಒಂದಕ್ಕೊಂದು ಹೆಣೆದುಕೊಂಡ ಕೋಶಗಳು.

"ಭತ್ತ ಅಲ್ಲ. ರಾಗಿನೂ ಅಲ್ಲ," ಎಂದಳು. ಮತ್ತೆ ನೋಡಿದಳು. "ಬಾರ್ಲಿ."

"ಖಂಡಿತನಾ?"

"ಖಂಡಿತ."

"ಬೆಂಗಳೂರಿನ ಸುತ್ತ ಯಾರೂ ಬಾರ್ಲಿ ಬೆಳೆಯಲ್ಲ." ಭಾಗ್ಯಲಕ್ಷ್ಮಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಆದರೆ ಕುಡೀತಾರೆ."

*

ಇಂದಿರಾನಗರದ ನೂರಡಿ ರಸ್ತೆಯಲ್ಲಿ ತಾವೇ ಬಿಯರ್ ತಯಾರಿಸುವ ಪಬ್ಬುಗಳಿವೆ. ಮುಂದೆ ದೀಪ, ಸಂಗೀತ. ಹಿಂದಿನ ಓಣಿಯಲ್ಲಿ ಹಬೆಯಾಡುವ ನೀಲಿ ಡ್ರಮ್ಮುಗಳು. ಬೇಯಿಸಿ ರಸ ಹಿಂಡಿದ ಬಾರ್ಲಿಯನ್ನು ಹಸು ಸಾಕುವವರು ಬಂದು ತುಂಬಿಕೊಂಡು ಹೋಗುತ್ತಾರೆ.

ಡ್ರಮ್ಮು ಉರುಳಿಸುತ್ತಿದ್ದ ಪಬ್ಬಿನ ಆಳು ಅಮೃತಪ್ಪನನ್ನು ಭಾಗ್ಯಲಕ್ಷ್ಮಿ ತಡೆದರು.

"ಇದನ್ನ ತಗೊಳ್ಳೋರಲ್ಲಿ ಕೆರೆ ದಂಡೆ ಮೇಲೆ ಕೊಟ್ಟಿಗೆ ಇರೋರು ಯಾರಪ್ಪ?"

"ಯಾಕಮ್ಮ, ಹಾಲು ಬೇಕಿತ್ತಾ? ಬಿಯರ್ ವಾಸ್ನೆ ಬರಲ್ಲ, ಹೆದರ್ಬೇಡಿ," ಎಂದು ಅವನು ನಕ್ಕ. "ನಮ್ಮ ಸಾಲಿನ ಪಬ್ಬಿಗೆಲ್ಲ ಬರೋರು ಮೂವರೇ. ಇಬ್ಬರ ಕೊಟ್ಟಿಗೆ ಬೀದಿಲೇ ಇದೆ. ಕೆರೆ ಹತ್ರ ಅಂದ್ರೆ ದೊಡ್ಡಮುನಿಯಮ್ಮಂದೇ. ಕೆ.ಆರ್. ಪುರದಾಚೆ ಮಾವಿನಕುಂಟೆ."

ಮಾವಿನಕುಂಟೆ ಈಗ ಅರ್ಧ ಕುಂಟೆ, ಅರ್ಧ ಅಪಾರ್ಟ್‌ಮೆಂಟು. ನೀರು ಕಾಣದಷ್ಟು ಜೊಂಡು. ದಂಡೆಯ ತಗಡಿನ ಕೊಟ್ಟಿಗೆಯಿಂದ ಗಂಜಲ, ಸಗಣಿ, ಬಾರ್ಲಿ ಹೊಟ್ಟು ಒಂದೇ ಕಾಲುವೆಯಲ್ಲಿ ಇಳಿದು ನೀರು ಸೇರುತ್ತಿತ್ತು.

"ಈ ಬೂಸಾ ಯಾವಾಗಿಂದ ಹಾಕ್ತಿದೀಯಮ್ಮ?" ಭಾಗ್ಯಲಕ್ಷ್ಮಿ ದೊಡ್ಡಮುನಿಯಮ್ಮನನ್ನು ಕೇಳಿದರು.

"ಇಲ್ಲಿಗೆ ಬಂದ್ಮೇಲೇನೇ ಕಣವ್ವ. ಮೊದ್ಲು ನಮ್ ಕೊಟ್ಟಿಗೆ ಆ ಕಡೆ ರೋಡಲ್ಲಿತ್ತು. ಕಿತ್ತಾಕ್ಸಿ ಬಿಲ್ಡಿಂಗ್ ಕಟ್ಟಿದ್ರು. ಈ ಯುಗಾದಿ ಆದ್ಮೇಲೆ ಇಲ್ಲಿಗ್ ಬಂದ್ವಿ."

"ಈ ಯುಗಾದಿನಾ? ಹೋದ ವರ್ಷದ್ದಲ್ವಾ?"

"ಹೋದ್ವರ್ಸ ಇಲ್ಲಿ ಬರೀ ಕಾಂಪೌಂಡು. ಕಾಲಿಡಕ್ಕೂ ಬಿಡ್ತಿರ್ಲಿಲ್ಲ."

"ಕುಂಟೆ ಕೆಸರು ತಗೊಂಡು ಹೋಗೋಕೆ ಯಾರಾದ್ರೂ ಬಂದಿದ್ರಾ?"

"ಬರ್ತಾನೇ ಇರ್ತಾರೆ. ಗಿಡಕ್ಕೆ, ಗಣಪತಿಗೆ. ಮುಖ ನೋಡ್ಕೊಂಡ್ ಕೂರಕ್ಕೆ ನಂಗೇನ್ ಕೆಲ್ಸ ಇಲ್ವಾ?"

ನಾಜಿಶ್ ಕಾಲುವೆಯ ಬಾಯಲ್ಲಿ ಕೂತು ಕೆಸರನ್ನು ಬೆರಳಿಗೆ ತೆಗೆದುಕೊಂಡಳು. ಕಪ್ಪು ಕೆಸರಿನ ನಡುವೆ ಹೊಂಬಣ್ಣದ ಚೂರುಗಳು.

ಯುಗಾದಿ ಆದಮೇಲೆ. ಅಬ್ರಾರ್ ಹೋದದ್ದು ಡಿಸೆಂಬರಿನಲ್ಲಿ.

"ಮೇಡಂ," ಎಂದಳು. ಕೆಸರು ಹತ್ತಿದ ಬೆರಳನ್ನು ಅವರತ್ತ ಚಾಚಿದಳು.

"ಹೂಂ. ಈ ಕೆಸರು ಇಲ್ಲಿ ಹುಟ್ಟಿದ್ದೇ ಅವನು ಹೋದ್ಮೇಲೆ. ಕೊಳವೇಲಿ ಮೇಲಿಂದ ಕೆಳಗಿನ ತನಕ ಹೊಟ್ಟಿದೆ. ಅವನು ತುಂಬಿದ್ದಲ್ಲ. ಇದು ಸಾಕ್ಷಿ." ಅವರು ದೊಡ್ಡಮುನಿಯಮ್ಮನ ಹತ್ತಿರ ಒಂದು ಬಕೆಟ್ ಕೇಳಿದರು. "ಈಗ ತುಂಬಿದೋನು ಬೇಕು. ಸ್ವಲ್ಪ ಕೆಸರು ಹಾಕು ಇದಕ್ಕೆ. ಮೂರು ಕೊಳವೆಗೆ ಆಗೋಷ್ಟು."

*

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಮೂವರೂ ಸೇರಿದರು. ಸೂರ್ಯ, ಲಿಖಿತ್, ಫೋನ್ ಮಾಡಿ ಕರೆಸಿದ ವಕಾರ್.

"ಸೋಮವಾರಕ್ಕೆ ಫೋಟೋ ಬೇಕು," ಎಂದರು ಭಾಗ್ಯಲಕ್ಷ್ಮಿ ಏನೂ ಇಲ್ಲದವರಂತೆ. "ಕೊಳವೆಗೆ ಕೆಸರು ಹೇಗೆ ತುಂಬ್ತಾರೆ ಅಂತ ನ್ಯಾಯಮಂಡಳಿಗೆ ತೋರಿಸ್ಬೇಕು. ಒಳಗಿನ ಕೋಣೇಲಿ ಎಲ್ಲ ಇಟ್ಟಿದೀನಿ. ಒಬ್ಬೊಬ್ಬರೇ ಬನ್ನಿ. ತುಂಬಿ, ಮುಚ್ಚಿ, ಫ್ರೀಜರಿಗೆ ಇಡೋ ಹಾಗೆ ಮಾಡಿ. ನಾಜಿಶ್ ಫೋಟೋ ತೆಗೀತಾಳೆ."

ಒಳಗೆ ತೊಟ್ಟಿಯ ಪಕ್ಕ ಖಾಲಿ ಕೊಳವೆಗಳು, ಮುಚ್ಚಳಗಳು, ಟೇಪು, ಹಸಿರು ಸ್ಪಂಜು, ಕೆಸರಿನ ಬಕೆಟ್ಟು, ನೀರಿನ ಬಕೆಟ್ಟು.

ಮೊದಲು ವಕಾರ್. ಎರಡು ಕೈಯಲ್ಲೂ ಕೆಸರು ಬಾಚಿ ತುರುಕಿದ. ಅರ್ಧಕ್ಕಿಂತ ತುಸು ಮೇಲೆ ಬಂದಾಗ ನಿಲ್ಲಿಸಿ ಮುಚ್ಚಳ ಒತ್ತಿದ. ಅದು ಸೊಟ್ಟಗೆ ಕೂತಿತು.

"ಸಾಕಲ್ವಾ ಮೇಡಂ? ಇದೇನು ಹಲೀಮ್ ಪಾರ್ಸೆಲ್ಲಾ, ಕಮ್ಮಿ ಆಯ್ತು ಅಂತ ಯಾರಾದ್ರೂ ಜಗಳ ತೆಗೆಯೋಕೆ?"

"ಸಾಕಪ್ಪ. ಕೈ ತೊಳ್ಕೊಂಡು ಕೆಳಗಿರು."

ಆಮೇಲೆ ಲಿಖಿತ್. ಕೆಸರು ತುಂಬಿದ. ಅಂಚಿಗೆ ಅಂಗೈಯಗಲ ಇರುವಾಗ ನಿಲ್ಲಿಸಿದ. ಸ್ಪಂಜನ್ನು ಅಳತೆಗೆ ಕತ್ತರಿಸಿ ಕೂರಿಸಿದ. ಮುಚ್ಚಳ, ಟೇಪು. ಹೊರಗೆ ಹೋಗುವಾಗ ನಾಜಿಶಳ ಮುಖ ನೋಡಲಿಲ್ಲ.

ಕೊನೆಗೆ ಸೂರ್ಯ.

"ಈ ವಯಸ್ಸಲ್ಲಿ ನಮಗೆ ಪ್ರಾಕ್ಟಿಕಲ್ ಪರೀಕ್ಷೆನಾ ಮೇಡಂ?" ಎಂದು ನಕ್ಕ. ತೋಳು ಮಡಿಸಿದ. ಕೆಸರನ್ನು ಅಚ್ಚುಕಟ್ಟಾಗಿ, ಒಂದು ಹನಿಯೂ ಹೊರಗೆ ಬೀಳದಂತೆ ಅಂಚಿನವರೆಗೆ ತುಂಬಿದ. ಮೇಲೆ ನೀರು ಸುರಿದ. ನೀರು ಅಂಚು ಮೀರಿ ಉಬ್ಬಿ ನಿಂತಿತು. ಅವನು ಕೊಳವೆಯನ್ನು ನಿಧಾನವಾಗಿ ನೀರಿನ ಬಕೆಟ್ಟಿಗೆ ಇಳಿಸಿದ. ನೀರಿನೊಳಗೇ ಮುಚ್ಚಳ ಒತ್ತಿ ಕೂರಿಸಿದ. ಹೊರಗೆ ತೆಗೆದು, ಒರೆಸಿ, ತಲೆಕೆಳಗೆ ಮಾಡಿ, ಉಗುರಿನಿಂದ ಟಕಟಕ ತಟ್ಟಿ, ಬೆಳಕಿಗೆ ಹಿಡಿದು ನೋಡಿದ.

ಒಂದು ಗುಳ್ಳೆಯೂ ಇರಲಿಲ್ಲ.

ಅವನು ಕೊಳವೆಯನ್ನು ಮೇಜಿನ ಮೇಲಿಟ್ಟ. ನಾಜಿಶ್ ಇನ್ನೊಂದು ಫೋಟೋ ತೆಗೆದಳು. ಏನಾಯಿತೆಂದು ಅವಳಿಗೆ ಪೂರ್ತಿ ತಿಳಿದಿರಲಿಲ್ಲ. ಏನೋ ಆಯಿತೆಂದು ತಿಳಿದಿತ್ತು.

ಭಾಗ್ಯಲಕ್ಷ್ಮಿ ಲಿಖಿತ್‌ನನ್ನು ಒಳಗೆ ಕರೆದರು. ಫ್ರೀಜರಿನಿಂದ ಎರಡನೇ ಕೊಳವೆಯನ್ನು ತರಿಸಿ ಸೂರ್ಯನ ಕೊಳವೆಯ ಪಕ್ಕ ನಿಲ್ಲಿಸಿದರು. ಎರಡೂ ಅಂಚಿನವರೆಗೆ ತುಂಬಿದ್ದವು.

"ಸೂರ್ಯ, ಕೆರೆ ನೀರಿನ ಮಾದರಿ ತಗೊಳ್ಳೋರಿಗೆ ಮೊದಲನೇ ಪಾಠ ಏನು?"

"ಬಾಟಲೀಲಿ 'ಏರ್ ಬಬಲ್' ಇರಬಾರದು," ಎಂದ ಅವನು ಅಭ್ಯಾಸಬಲದಿಂದ. "ನೀರಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆಯೋವಾಗ ಗಾಳಿ ಸೇರಿಬಿಟ್ರೆ ಲೆಕ್ಕ ತಪ್ಪುತ್ತೆ. ಅದಕ್ಕೇ ನೀರೊಳಗೇ—"

ಅವನು ನಿಲ್ಲಿಸಿದ.

"ಹೂಳಿನವರಿಗೆ ಮೊದಲನೇ ಪಾಠ ಏನು ಲಿಖಿತ್?"

"ಅಂಗೈಯಗಲ ಜಾಗ ಬಿಡ್ಬೇಕು ಮೇಡಂ. ಹೂಳಲ್ಲಿ ನೀರಿರುತ್ತೆ. ಫ್ರೀಜರಲ್ಲಿ ಹಿಗ್ಗುತ್ತೆ. ಜಾಗ ಇಲ್ದಿದ್ರೆ…"

"ಹೇಳು."

"ಕೊಳವೆ ಸೀಳುತ್ತೆ."

ಫ್ರೀಜರಿನ ಮೋಟಾರು ಗುಂಯ್ ಎನ್ನುತ್ತಿತ್ತು. 

"ಎಲ್ಲರೂ ಈ ಬಿರುಕು ನೋಡಿದ್ರಿ," ಎಂದರು ಭಾಗ್ಯಲಕ್ಷ್ಮಿ. "ಟೆಂಪೋದಲ್ಲಿ ಆಯ್ತು ಅಂದ್ರಿ. ಟೆಂಪೋದಲ್ಲಿ ಒಡೆದಿದ್ರೆ ಏಟು ಬಿದ್ದ ಕಡೆ ಗುರುತಿರಬೇಕಿತ್ತು. ನೀರು ಸೋರಿ ಹೋಗಿರಬೇಕಿತ್ತು. ಇದು ಒಳಗಿಂದ ಸೀಳಿದೆ. ಮಂಜುಗಡ್ಡೆ ಬಿರುಕಲ್ಲೇ ಉಬ್ಬಿ ನಿಂತಿದೆ. ಅಂದ್ರೆ ಫ್ರೀಜರೊಳಗೇ ಒಡೆದದ್ದು. ಇದನ್ನ ತುಂಬಿದೋನು ವಕಾರ್ ಅಲ್ಲ. ಅವನಿಗೆ ಮುಚ್ಚಳ ನೆಟ್ಟಗೆ ಹಾಕೋಕೂ ಬರಲ್ಲ. ಲಿಖಿತ್ ಅಲ್ಲ, ಅವನ ಕೈ ತಾನಾಗೇ ಜಾಗ ಬಿಡುತ್ತೆ. ಅಬ್ರಾರಂತೂ ಅಲ್ಲ. ಜಾಗ ಬಿಡು ಅಂತ ಅವನಿಗೆ ಬೈದು ಕಲಿಸಿದೋಳು ನಾನೇ. ಅದೂ ಅಲ್ದೆ ಈ ಬಾರ್ಲಿ ಕೆಸರು ಹುಟ್ಟಿದ್ದು ಈ ಯುಗಾದಿ ಆದ್ಮೇಲೆ. ಕೊಳವೇನ ನೀರಿನ ಬಾಟಲಿ ಥರ ತುಂಬೋನು ಇಲ್ಲಿ ಒಬ್ಬನೇ ಇದಾನೆ. ನಿನ್ನ ಮನೆ ಎಲ್ಲಿ ಸೂರ್ಯ?"

"ಕೆ.ಆರ್. ಪುರ," ಎಂದ ಸೂರ್ಯ.

ಅವನು ಸ್ಟೂಲು ಎಳೆದುಕೊಂಡು ಕೂತ.

"ಕಾರ್ಖಾನೆಯವರು ಹೇಳಿದ್ರಾ?" ನಾಜಿಶ್ ಕೇಳಿದಳು.

"ಇಲ್ಲ ಭಾಭಿ. ದೇವರಾಣೆ ಇಲ್ಲ. ಅವರನ್ನ ನಾನು ನೋಡೂ ಇಲ್ಲ." ಅವನು ಮುಖ ಒರೆಸಿಕೊಂಡ. ಕೈಯ ಕೆಸರು ಕೆನ್ನೆಗೆ ಹತ್ತಿತು. "ಶಿಫ್ಟ್ ಮಾಡಿದ ದಿನ ಆ ಚಿಕ್ಕ ಫ್ರೀಜರ್ ಸ್ವಿಚ್ ಹಾಕೋದು ಮರೆತುಬಿಟ್ಟೆ. ಬಾಗಿಲು ಹಾಕ್ಕೊಂಡು ಹೋದೆ. ಬಿಸಿಲಿಗೆ ಒಳಗಿನ ಹೂಳು ಕೊಳೆತು, ಗ್ಯಾಸ್ ತುಂಬಿ ಮುಚ್ಚಳ ಹಾರಿತ್ತು. ಬಂದು ನೋಡಿದ್ರೆ ಎಲ್ಲ ನೆಲದ ಮೇಲೆ. ಅದೇ ವಾರ ಲ್ಯಾಬಿನ ಮಾನ್ಯತೆ ನವೀಕರಣಕ್ಕೆ ತಪಾಸಣೆಯವರು ಬರೋರಿದ್ರು. ಕೋರ್ಟ್ ಮಾದರಿ ಹಾಳು ಮಾಡ್ಕೊಂಡ್ವಿ ಅಂದ್ರೆ ಲ್ಯಾಬ್ ಮುಚ್ಚಿಸ್ತಾರೆ. ಎಲ್ಲ ಕಟ್ಟಿದ್ದು ನಾವಿಬ್ಬರೇ, ಭಾಭಿ. ಅವನೂ ನಾನೂ."

"ಅದಕ್ಕೆ ಕುಂಟೆ ಕೆಸರು?"

"ಆಗ ನ್ಯಾಯಮಂಡಳಿ ಕೇಳಿದ್ದು ಒಂದೇ ಪ್ರಶ್ನೆ, ಸಾವಯವ ಅಂಶ ಎಷ್ಟಿದೆ ಅಂತ. ಕೊಳೆ ಕೊಳೇನೇ ಅಲ್ವಾ ಅಂದ್ಕೊಂಡೆ. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಎಲ್ಲಿಂದ ಬಂತು ಅಂತ ಮುಂದೆ ಕೇಳ್ತಾರೆ ಅಂತ ನಂಗೆ ಹೊಳೀಲಿಲ್ಲ. ಸ್ವಲ್ಪ ಉಪ್ಪು ಕಲಸಿದೆ. ಆ ಹಸಿರು ಸ್ಪಂಜು ಯಾಕಿತ್ತು ಅಂತಾನೂ ಗೊತ್ತಿರ್ಲಿಲ್ಲ. ಕಸ ಅಂತ ಎಸೆದುಬಿಟ್ಟೆ."

"ಆಮೇಲೆ ವರದಿ ಬಂತು."

"ಬಂತು. ಅಬ್ರಾರ್ ಮೇಲೆ ಹೋಯ್ತು." ಸೂರ್ಯ ತಲೆ ತಗ್ಗಿಸಿದ. "ಅವನಿಗೆ ಇನ್ನೇನೂ ಆಗಲ್ಲ ಅಂತ ನಂಗೆ ನಾನೇ ಹೇಳ್ಕೊಂಡೆ."

ನಾಜಿಶ್ ಅವನನ್ನೇ ನೋಡಿದಳು. ಸಿಟ್ಟು ಬರಬೇಕಿತ್ತು. ಬರುತ್ತದೆಂದು ಕಾದಳು. ನಿನ್ನೆ ಸಂಜೆ ಅತ್ತೆಯ ಕೈ ಹಿಡಿದುಕೊಂಡಿದ್ದ ಕೈಗಳು ಈಗ ಮಂಡಿಯ ಮೇಲೆ ಸುಮ್ಮನೆ ಬಿದ್ದಿದ್ದವು.

"ನಮ್ಮವರು ತಂದ ಹೂಳು ಎಲ್ಲಿ?"

ಸೂರ್ಯ ನೆಲದ ಮೂಲೆಯ ಜಾಲರಿಯತ್ತ ಬೆರಳು ತೋರಿಸಿದ. "ತೊಳೆದುಬಿಟ್ಟೆ."

ಅಬ್ರಾರ್ ಸೊಂಟದವರೆಗೆ ಆ ಕಪ್ಪು ನೀರಿನಲ್ಲಿ ನಿಂತು ತೆಗೆದದ್ದು. ಅವಳು ಜಾಲರಿಯನ್ನು ನೋಡಿದಳು. ಅಲ್ಲೇನೂ ಇರಲಿಲ್ಲ. ಫಿನಾಯಿಲಿನ ವಾಸನೆಯಿತ್ತು.

"ಸೋಮವಾರ ಏನಾಗುತ್ತೆ ಮೇಡಂ?"

"ಇವನು ಬಂದು ಇದನ್ನೆಲ್ಲ ಹೇಳ್ತಾನೆ. ಹೇಳದಿದ್ರೆ ನಾನು ಹೇಳ್ತೀನಿ, ಫೋಟೋ ನಿನ್ನ ಫೋನಲ್ಲಿದೆ. ಉಳಿದೆರಡು ಕೊಳವೆಗೆ ಕಳಂಕ ಇಲ್ಲ. ಎರಡನೇದನ್ನ ಮತ್ತೆ ತೆಗೆಯೋಕೆ ಅನುಮತಿ ಕೇಳೋಣ, ಎರಡೂ ಕಡೆಯವರ ಎದುರಿಗೆ. ಕಾರ್ಖಾನೆ ಎಲ್ಲೂ ಹೋಗಿಲ್ಲ. ಅದರ ಕೊಳೇನೂ ಎಲ್ಲೂ ಹೋಗಿಲ್ಲ."

"ಹೇಳ್ತೀನಿ," ಎಂದ ಸೂರ್ಯ. "ಸೋಮವಾರ ಬಂದು ಎಲ್ಲ ಹೇಳ್ತೀನಿ ಭಾಭಿ."

"ಸೋಮವಾರ ಅವರಿಗೆ ಹೇಳಿ. ವಕಾರ್ ಕೆಳಗಿದ್ದಾನೆ. ಅವನಿಗೆ ಈಗಲೇ ಹೇಳಿ."

"ಅವನು ನನ್ನ ಕೊಂದೇಬಿಡ್ತಾನೆ."

"ಹೋಗಿ."

ಸೂರ್ಯ ಕೈಯನ್ನೂ ತೊಳೆಯದೆ ಎದ್ದು ಹೋದ. ಅವನ ಹಿಂದೆ ಹೊರಟ ಲಿಖಿತ್‌ನನ್ನು ಭಾಗ್ಯಲಕ್ಷ್ಮಿ ಕಣ್ಣಲ್ಲೇ ತಡೆದರು.

ನಾಜಿಶ್ ಮೆಟ್ಟಿಲ ತುದಿಗೆ ಬಂದು ನಿಂತಳು. ಕೆಳಗೆ ಟೆಂಪೋದ ಬಾಗಿಲು ತೆರೆದ ಸದ್ದು. ಸೂರ್ಯನ ಧ್ವನಿ, ತಗ್ಗಿದ್ದು, ಬಿಡಿಬಿಡಿಯಾದದ್ದು. ಆಮೇಲೆ ಅದೂ ನಿಂತಿತು. ವಕಾರ್ ಮುಂಗೋಪಿ. ಬೈಗುಳಕ್ಕೆ, ಏಟಿನ ಸದ್ದಿಗೆ ಅವಳು ಕಾದಳು.

ಬಂದದ್ದು ಒಂದು ಪ್ರಶ್ನೆ.

"ಹಂಗಾದ್ರೆ ಭಾಯ್ ಅಲ್ಲಿಗೆ ಹೋಗಿದ್ನಾ?"

ಸೂರ್ಯ ಏನೋ ಗೊಣಗಿದ.

"ಕೊಳವೆ ಬಿಡಿ ಸೂರ್ಯಣ್ಣ! ನೆಟ್ಟಗೆ ಹೇಳಿ. ಆ ಎರಡನೇ ಜಾಗಕ್ಕೆ ಭಾಯ್ ಹೋಗಿದ್ನಾ, ಇಲ್ವಾ?"

"ಹೋಗಿದ್ದ ಕಣೋ. ಅವನು ತಂದಿದ್ದ. ನಾನು ಕಣ್ಣಾರೆ ನೋಡಿದೀನಿ."

ನಾಜಿಶ್ ಮೆಟ್ಟಿಲ ಕಂಬಿಯನ್ನು ಹಿಡಿದುಕೊಂಡಳು. ನಿನ್ನೆ ಬಾಗಿಲಲ್ಲಿ ನಿಂತು ಕೂಗಾಡಿದ ವಕಾರ್ ಕೂಡ ಒಳಗೊಳಗೇ ಇದನ್ನೇ ಕೇಳಿಕೊಳ್ಳುತ್ತಿದ್ದ. ಒಂದೇ ಮನೆಯಲ್ಲಿ, ಊಟಕ್ಕೆ ಹಾಸಿದ ಒಂದೇ ದಸ್ತರ್‌ಖಾನಿನ ಎದುರು ಬದುರು ಕೂತು, ಇಬ್ಬರೂ ಒಂದೇ ಅನುಮಾನವನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಉಂಡಿದ್ದರು.

ಕೆಳಗಿನಿಂದ ವಕಾರ್ ಅಳುವುದು ಕೇಳಿಸಿತು. ಅವಳು ಮೆಟ್ಟಿಲು ಇಳಿಯತೊಡಗಿದಳು.